ಕಾಲು ಗಂಟೆಯ ದರ್ಶನ

ದೂರದ ಊರುಗಳಿಗೆ ಹೋಗಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳಿದರೆ, ಹೆಚ್ಚಿನವರು ಒಂದು ಪಟ್ಟಿಯನ್ನು ಒಪ್ಪಿಸುತ್ತಾರೆ. ಬೆಳಗ್ಗೆ ಒಂದು ಗುಡಿ, ಮಧ್ಯಾಹ್ನ ಒಂದು ಅರಮನೆ, ಸಂಜೆಗೆ ಒಂದು ವಸ್ತುಸಂಗ್ರಹಾಲಯ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ನಮ್ಮಂಥ ಉಪಾಧ್ಯಾಯರಿಗೆ ಈ ಓಟದ ಪರಿಚಯ ಚೆನ್ನಾಗಿಯೇ ಉಂಟು. ಗೈಡು ಮುಂದೆ ಮುಂದೆ ನಡೆಯುತ್ತಾನೆ, ನಾವು ಹಿಂದೆ ಹಿಂದೆ ಓಡುತ್ತೇವೆ. ಅವನು ಕೈತೋರಿದ ಕಡೆಗೆ ಕತ್ತೆತ್ತುತ್ತೇವೆ. ಅವನು ಹೇಳಿದ ಇಸವಿಯನ್ನು ತಲೆಯಲ್ಲಿ ಇಟ್ಟುಕೊಳ್ಳುವಷ್ಟರಲ್ಲಿ ಮುಂದಿನ ಕಂಬ ಬಂದಿರುತ್ತದೆ. ಕಣ್ಣೇನೋ ಕಂಡಿತು, ಮನಸ್ಸು ಕಂಡಿತೆ ಎಂದು ವಿಚಾರಿಸಿಕೊಳ್ಳಲು ಪುರಸತ್ತಿರುವುದಿಲ್ಲ.

ಇಟಲಿ ದೇಶದಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಏಳು ನೂರು ವರ್ಷಗಳ ಹಿಂದಿನ ಭಿತ್ತಿಚಿತ್ರಗಳು ಅದರ ಗೋಡೆಗಳನ್ನು ನೆಲದಿಂದ ಛಾವಣಿಯವರೆಗೆ ತುಂಬಿಕೊಂಡಿವೆ. ಅಲ್ಲಿ ನಿಮಗೆ ದೊರಕುವುದು ಸುಮಾರು ಕಾಲು ಗಂಟೆ ಮಾತ್ರ. ಆ ಕಾಲು ಗಂಟೆಯನ್ನು ಹೇಗೆ ಕಳೆಯಬೇಕು ಎಂಬುದೇ ಇಂದಿನ ನನ್ನ ಮಾತಿನ ವಿಷಯ. ನೀವು ಅಲ್ಲಿಗೆ ಹೋಗಿ ನಿಂತಿದ್ದೀರಿ ಎಂದೇ ಭಾವಿಸಿಕೊಂಡು ಮಾತನಾಡುತ್ತೇನೆ.

ಊರಿನ ಹೆಸರು ಪಾದುವ. ವೆನಿಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರ. ಈ ಹೆಸರು ನಮಗೆ ತೀರ ಅಪರಿಚಿತವೇನೂ ಅಲ್ಲ. ಕೃಷ್ಣರಾಜನಗರದ ಹತ್ತಿರದ ದೋರನಹಳ್ಳಿಗೆ ಮತಭೇದವಿಲ್ಲದೆ ಜನ ಹರಕೆ ಹೊತ್ತು ಹೋಗುತ್ತಾರಷ್ಟೆ. ಅಲ್ಲಿ ಪೂಜೆಗೊಳ್ಳುವ ಸಂತ ಅಂತೋಣಿಯವರು ಈ ಪಾದುವದವರೆಂದೇ ಪ್ರಸಿದ್ಧರು. 1231ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದು ಈ ಊರಿನಲ್ಲಿಯೇ. ಆದರೆ ಇಂದು ನಾವು ಹೋಗುತ್ತಿರುವುದು ಸಂತರ ಸಮಾಧಿಗಲ್ಲ. ಒಬ್ಬ ಬಡ್ಡಿ ವ್ಯಾಪಾರಿಯ ಮಗ ಕಟ್ಟಿಸಿದ ಮಂದಿರಕ್ಕೆ.

ಅವನ ಹೆಸರು ಎನ್ರಿಕೋ ಸ್ಕ್ರೊವೇನ್ಯಿ. ಕ್ರಿ. ಶ. 1300ರಲ್ಲಿ ಅವನು ಊರಿನ ಹಳೆಯ ರೋಮನ್ ರಂಗಸ್ಥಳದ ಜಾಗವನ್ನು ಕೊಂಡು, ಅಲ್ಲಿ ತನಗೊಂದು ಸೌಧವನ್ನೂ ಅದರ ಮಗ್ಗುಲಲ್ಲಿ ಕನ್ಯೆ ಮರಿಯಳ ಹೆಸರಿನಲ್ಲಿ ಒಂದು ಮಂದಿರವನ್ನೂ ಎಬ್ಬಿಸಿದನು. 1305ರ ಮಾರ್ಚ್ 25ರಂದು ಮಂದಿರದ ಪ್ರತಿಷ್ಠೆಯಾಯಿತು. ಎನ್ರಿಕೋನ ತಂದೆ ರೆಜಿನಾಲ್ದೋ ಹೆಸರಾಂತ ಲೇವಾದೇವಿಗಾರ. ಬಡ್ಡಿ ತಿನ್ನುವುದನ್ನು ಮಹಾಪಾಪವೆಂದು ಕ್ರೈಸ್ತ ಮಠಗಳು ಸಾರುತ್ತಿದ್ದ ಕಾಲ ಅದು. ಮಹಾಕವಿ ದಾಂತೆ ತನ್ನ ಕಾವ್ಯದ ನರಕದಲ್ಲಿ ಬಡ್ಡಿಕೋರರನ್ನು ಉರಿಯುವ ಮರಳಿನ ಮೇಲೆ ಕೂರಿಸಿದ್ದಾನೆ. ಅವರಲ್ಲೊಬ್ಬನ ಕೊರಳ ಚೀಲದ ಮೇಲೆ ಹಂದಿಯ ಗುರುತಿದೆ. ಕವಿ ಹೆಸರನ್ನು ಹೇಳುವುದಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಇಟಲಿಯ ಭಾಷೆಯಲ್ಲಿ ‘ಸ್ಕ್ರೋಫ’ ಎಂದರೆ ಹೆಣ್ಣು ಹಂದಿ; ಸ್ಕ್ರೊವೇನ್ಯಿ ಮನೆತನದ ಲಾಂಛನವೂ ಅದೇ. ಓದಿದವರಿಗೆಲ್ಲ ಅರ್ಥವಾಯಿತು.

ತಂದೆಯ ಪಾಪವನ್ನು ತೊಳೆಯಲೆಂದೇ ಮಗ ಮಂದಿರವನ್ನು ಕಟ್ಟಿಸಿದನೆಂಬುದು ಬಹುಕಾಲದ ನಂಬಿಕೆ. ಇಂದಿನ ವಿದ್ವಾಂಸರಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಪಕ್ಕದ ಮಠದ ಸಂನ್ಯಾಸಿಗಳಿಗಂತೂ ಎನ್ರಿಕೋನ ಭಕ್ತಿಯಲ್ಲಿ ನಂಬಿಕೆಯಿರಲಿಲ್ಲ. ಇದು ದೇವರ ಮಹಿಮೆಗಾಗಿ ಕಟ್ಟಿದ್ದಲ್ಲ, ತನ್ನ ಡೌಲಿಗಾಗಿ ಕಟ್ಟಿದ್ದು ಎಂದು 1305ರಲ್ಲಿ ಅವರು ದೂರು ಕೊಟ್ಟದ್ದು ದಾಖಲೆಯಾಗಿ ಉಳಿದಿದೆ. ಉದ್ದೇಶವೇನೇ ಇರಲಿ, ಎನ್ರಿಕೋ ಒಂದು ಒಳ್ಳೆಯ ಕೆಲಸ ಮಾಡಿದ. ಫ್ಲಾರೆನ್ಸಿನ ಜೊತ್ತೋ ಎಂಬ ಚಿತ್ರಕಾರನನ್ನು ಕರೆಸಿ, ಗೋಡೆಗಳನ್ನು ಅವನ ಕೈಗೆ ಒಪ್ಪಿಸಿದ.

ಹೊರಗಿನಿಂದ ನೋಡಿದರೆ ಇದೊಂದು ಸಾಧಾರಣ ಇಟ್ಟಿಗೆಯ ಕಟ್ಟಡ. ಸುಮಾರು 21 ಮೀಟರು ಉದ್ದ, ಎಂಟೂವರೆ ಮೀಟರು ಅಗಲ. ಮಗ್ಗುಲಲ್ಲಿದ್ದ ಸೌಧ 19ನೆಯ ಶತಮಾನದಲ್ಲಿ ಉರುಳಿಹೋಯಿತು; ಮಂದಿರವೊಂದೇ ಉಳಿದು ನಗರಸಭೆಯ ಸ್ವತ್ತಾಯಿತು. ನಿಮ್ಮ ಸರದಿ ಬಂದಾಗ ನೀವು ನೇರವಾಗಿ ಒಳಕ್ಕೆ ಹೋಗುವಂತಿಲ್ಲ. ಒಂದು ತಂಡಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಮಂದಿ. ಮೊದಲು ಗಾಜಿನ ಕೋಣೆಯೊಂದರಲ್ಲಿ ಕಾಲು ಗಂಟೆ ಕುಳಿತಿರಬೇಕು. ಬಾಗಿಲುಗಳೆಲ್ಲ ಮುಚ್ಚಿರುತ್ತವೆ, ಒಳಗಿನ ಗಾಳಿಯನ್ನು ಯಂತ್ರಗಳು ಸೋಸುತ್ತಿರುತ್ತವೆ. ನಿಮ್ಮ ಬಟ್ಟೆಯ ಧೂಳೂ ಮೈಯ ಬಿಸಿಯೂ ತೇವವೂ ಒಂದು ಹದಕ್ಕೆ ಬಂದ ಮೇಲೆ ಮಂದಿರದ ಬಾಗಿಲು ತೆರೆಯುತ್ತದೆ. 2000ದಿಂದ ಈ ಏರ್ಪಾಡು ನಡೆದುಬಂದಿದೆ.

ಇಷ್ಟೇಕೆ ಕಟ್ಟುನಿಟ್ಟು ಎಂದು ಕೆಲವರು ಗೊಣಗಬಹುದು. ಈ ಚಿತ್ರಗಳನ್ನು ಬರೆದ ಬಗೆಯನ್ನು ತಿಳಿದರೆ ಗೊಣಗುವುದು ನಿಲ್ಲುತ್ತದೆ. ಕುಳಿತಿರುವ ಆ ಕಾಲು ಗಂಟೆಯಲ್ಲಿ ನಿಮ್ಮ ಗೈಡು ಇದನ್ನು ವಿವರಿಸಿದರೆ, ಅವನು ಒಳ್ಳೆಯ ಗೈಡು.

ಇವು ಫ್ರೆಸ್ಕೋಗಳು, ಎಂದರೆ ಹಸಿಗಾರೆಯ ಮೇಲಿನ ಚಿತ್ರಗಳು. ಸುಣ್ಣ ಮತ್ತು ಮರಳನ್ನು ಕಲಸಿದ ಗಾರೆಯನ್ನು ಗೋಡೆಗೆ ಮೆತ್ತಿ, ಅದು ಆರುವುದರೊಳಗಾಗಿ, ನೀರಿನಲ್ಲಿ ಕದಡಿದ ಬಣ್ಣದಿಂದ ಬರೆಯಬೇಕು. ಗಾರೆ ಆರುವಾಗ ಅದರೊಳಗಿನ ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಆ ಕಲ್ಲಿನ ತೆಳುವಾದ ಪೊರೆಯಲ್ಲಿ ಬಣ್ಣ ಸಿಕ್ಕಿಕೊಂಡುಬಿಡುತ್ತದೆ. ಆದುದರಿಂದ ಒಂದು ದಿನಕ್ಕೆ ಬರೆಯಬಲ್ಲಷ್ಟು ಜಾಗಕ್ಕೇ ಗಾರೆ ಹಚ್ಚುತ್ತಿದ್ದರು. ಆ ದಿನದ ತುಂಡುಗಳ ಅಂಚುಗಳು ಇಂದಿಗೂ ಗೋಡೆಯಲ್ಲಿ ಗುರುತು ಸಿಗುತ್ತವೆ. ಅಂಥವು ಇಲ್ಲಿ 600ಕ್ಕೂ ಹೆಚ್ಚು ಇವೆ. ನೀಲಿ ಬಣ್ಣಕ್ಕೆ ಮಾತ್ರ ಈ ಭಾಗ್ಯವಿಲ್ಲ. ತಾಮ್ರದ ಅದಿರಿನಿಂದ ಮಾಡಿದ ಆ ನೀಲಿಯನ್ನು ಗೋಡೆ ಒಣಗಿದ ಮೇಲೆ ಅಂಟು ಸೇರಿಸಿ ಹಚ್ಚಬೇಕಾಗಿತ್ತು. ಅದು ಕಲ್ಲಿನೊಳಗೆ ಸೇರಲಿಲ್ಲ. ಆದ್ದರಿಂದ ಮರಿಯಳ ನೀಲಿ ಹೊದಿಕೆ ಅಲ್ಲಲ್ಲಿ ಉದುರಿಹೋಗಿದೆ.

ಈಗ ನಮ್ಮ ಉಸಿರಿನ ವಿಚಾರ. ಉಸಿರಿನ ತೇವ ಗೋಡೆಯ ಮೇಲೆ ಕೂರುತ್ತದೆ. ಊರಿನ ಹೊಗೆಯಲ್ಲಿರುವ ಗಂಧಕದ ಅಂಶ ಆ ತೇವದಲ್ಲಿ ಕರಗಿ ಸುಣ್ಣದ ಕಲ್ಲನ್ನು ಜಿಪ್ಸಮ್ಮಾಗಿ ಮಾರ್ಪಡಿಸುತ್ತದೆ. ಜಿಪ್ಸಮ್ ಉಬ್ಬುತ್ತದೆ, ಪುಡಿಯಾಗುತ್ತದೆ, ಬಣ್ಣವನ್ನೂ ತನ್ನೊಡನೆ ಕೆಳಕ್ಕೆ ತರುತ್ತದೆ. ಚಿತ್ರವನ್ನು ಪ್ರೀತಿಸಿ ಬಂದವನ ಉಸಿರೂ ಒಂದೇ, ಕಾಲ ಕಳೆಯಲು ಬಂದವನ ಉಸಿರೂ ಒಂದೇ. ನಾವು ನೋಡುವುದಕ್ಕೆ ಗೋಡೆ ಒಂದಿಷ್ಟು ಬೆಲೆ ತೆರುತ್ತಿದೆ ಎಂದಮೇಲೆ, ಕಾಟಾಚಾರಕ್ಕೆ ನೋಡುವ ಹಕ್ಕು ನಮಗಿಲ್ಲ.

ಬಾಗಿಲು ತೆರೆಯಿತು, ಬನ್ನಿ. ಮೊದಲು ಕತ್ತೆತ್ತಿ ಒಮ್ಮೆ ಮೇಲೆ ನೋಡಿಬಿಡಿ. ಕಮಾನಿನ ಛಾವಣಿ ನೀಲಿಯ ಆಕಾಶವಾಗಿದೆ. ಅದರ ತುಂಬ ಹೊನ್ನಿನ ನಕ್ಷತ್ರಗಳು. ಇನ್ನು ಗೋಡೆಗಳು. ಕನ್ನಡದಲ್ಲಿ ನಾವು ‘ಚಿತ್ರ ಬರೆಯುವುದು’ ಎನ್ನುತ್ತೇವೆ. ಅಕ್ಷರಕ್ಕೂ ಚಿತ್ರಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ಈ ಮಂದಿರದಲ್ಲಿ ಆ ಮಾತು ಅಕ್ಷರಶಃ ನಿಜ. ಇದನ್ನು ಸಾಲುಸಾಲಾಗಿ ಓದಬೇಕು. ಬಲಿಪೀಠದ ಪಕ್ಕದಲ್ಲಿ, ದಕ್ಷಿಣದ ಗೋಡೆಯ ಮೇಲಿನ ಸಾಲಿನಲ್ಲಿ ಕಥೆ ಆರಂಭ. ಅದು ಪಶ್ಚಿಮದತ್ತ ನಡೆದು, ಉತ್ತರದ ಗೋಡೆಯನ್ನು ಹಿಡಿದು, ಮತ್ತೆ ಬಲಿಪೀಠಕ್ಕೆ ಬರುತ್ತದೆ. ನಮ್ಮ ಪ್ರದಕ್ಷಿಣೆಯ ದಿಕ್ಕೇ ಇದು. ಹೀಗೆ ಮೂರು ಸುತ್ತು: ಮೇಲಿನ ಸುತ್ತಿನಲ್ಲಿ ಮರಿಯಳ ತಂದೆತಾಯಿಗಳ ಮತ್ತು ಮರಿಯಳ ಕಥೆ, ನಡುವಿನದರಲ್ಲಿ ಯೇಸುವಿನ ಜನನ ಮತ್ತು ಪವಾಡಗಳು, ಕೆಳಗಿನದರಲ್ಲಿ ಅವನ ಮರಣ ಮತ್ತು ಪುನರುತ್ಥಾನ.

ಕಾಲು ಗಂಟೆಯಲ್ಲಿ ಮೂರು ಸುತ್ತನ್ನೂ ಪೂರೈಸುತ್ತೇನೆ ಎಂದು ಹೊರಡಬೇಡಿ. ಪ್ರವಾಸಿಯ ಕೆಟ್ಟ ಚಾಳಿ ಅದು. ನಾಲ್ಕೈದು ಚಿತ್ರಗಳನ್ನು ಆರಿಸಿಕೊಂಡು ಅವುಗಳ ಮುಂದೆ ನಿಂತುಬಿಡಿ.

ಮೇಲಿನ ಸಾಲಿನಲ್ಲಿ ಇಬ್ಬರು ವೃದ್ಧರು ನಗರದ ಬಾಗಿಲಲ್ಲಿ ಸಂಧಿಸುತ್ತಾರೆ: ಯೋವಾಕಿಂ ಮತ್ತು ಅನ್ನಾ. ಮಕ್ಕಳಿಲ್ಲವೆಂದು ಅವಮಾನಗೊಂಡು ಆತ ಕುರುಬರ ನಡುವೆ ಹೋಗಿ ಇದ್ದನು. ಮಗುವಾಗುವುದೆಂಬ ದೇವದೂತನ ಮಾತು ಕೇಳಿ ಮರಳಿದ್ದಾನೆ. ಅವಳು ಅವನ ಗಡ್ಡದ ಮುಖವನ್ನು ಎರಡೂ ಕೈಗಳಿಂದ ಹಿಡಿದು ಮುದ್ದಿಡುತ್ತಾಳೆ. ಇವರು ಪುರಾಣದ ಮೂರ್ತಿಗಳಲ್ಲ. ಬಹುಕಾಲ ಒಟ್ಟಿಗೆ ಬಾಳಿದ ಗಂಡಹೆಂಡಿರು. ಜೊತ್ತೋನಿಗೆ ಹಿಂದಿನ ಚಿತ್ರಗಳಲ್ಲಿ ಸಂತರು ಬಂಗಾರದ ಹಿನ್ನೆಲೆಯ ಮೇಲೆ ನೇರವಾಗಿ ನಿಂತಿರುವುದೇ ಹೆಚ್ಚು. ಅವನು ಅವರನ್ನು ನೆಲಕ್ಕಿಳಿಸಿದ. ಮೈಗೆ ಭಾರ ಕೊಟ್ಟ, ಮನಸ್ಸಿಗೆ ಸುಖದುಃಖ ಕೊಟ್ಟ.

ನಡುವಿನ ಸಾಲಿನಲ್ಲಿ ಮೂವರು ಜ್ಞಾನಿಗಳು ಶಿಶುವನ್ನು ಪೂಜಿಸುವ ಚಿತ್ರವಿದೆ. ಕೊಟ್ಟಿಗೆಯ ಮೇಲೆ ನಕ್ಷತ್ರದ ಬದಲು ಬಾಲವುಳ್ಳ ಧೂಮಕೇತು. 1301ರಲ್ಲಿ ಹ್ಯಾಲಿಯ ಧೂಮಕೇತು ಕಾಣಿಸಿಕೊಂಡಿತ್ತು. ಜೊತ್ತೋ ಅದನ್ನು ಕಂಡಿರಬೇಕೆಂದು ಹಲವರು ಊಹಿಸುತ್ತಾರೆ. 1985ರಲ್ಲಿ ಅದೇ ಧೂಮಕೇತುವಿನ ಬಳಿಗೆ ಯೂರೋಪಿನವರು ಕಳುಹಿಸಿದ ಗಗನನೌಕೆಗೆ ‘ಜೊತ್ತೋ’ ಎಂದೇ ಹೆಸರಿಟ್ಟರು.

ಬಲಿಪೀಠದ ಕಮಾನಿನ ಎಡಭಾಗಕ್ಕೆ ಕಣ್ಣು ಹಾಯಿಸಿ. ಹಳದಿ ಉಡುಪಿನ ಯೂದ ಹಣದ ಚೀಲವನ್ನು ಹಿಡಿದಿದ್ದಾನೆ. ಬೆನ್ನ ಹಿಂದೆ ಕರಿಯ ಸೈತಾನ. ಅದೇ ಹಳದಿ ಬಟ್ಟೆಯನ್ನು ದಕ್ಷಿಣ ಗೋಡೆಯ ಕೆಳಸಾಲಿನಲ್ಲಿ ಮತ್ತೆ ಕಾಣುತ್ತೀರಿ. ಈಟಿಗಳು, ಪಂಜುಗಳು, ಜನಜಂಗುಳಿ. ನಡುವೆ ಯೂದ ಮುತ್ತಿಡುವ ನೆಪದಲ್ಲಿ ಗುರುವನ್ನು ಆ ಹಳದಿ ನಿಲುವಂಗಿಯಲ್ಲಿ ಮುಚ್ಚಿಬಿಟ್ಟಿದ್ದಾನೆ. ಎರಡು ಮುಖಗಳು ಎದುರುಬದುರು. ಯೇಸುವಿನ ಕಣ್ಣು ಯೂದನ ಕಣ್ಣನ್ನು ನೆಟ್ಟಗೆ ನೋಡುತ್ತಿದೆ. ಆ ನೋಟದಲ್ಲಿ ಕೋಪವಿಲ್ಲ. ಅನ್ನಾಳ ಮುತ್ತಿನ ಚಿತ್ರವನ್ನು ಮೊದಲೇ ನೋಡಿದ್ದವರಿಗೆ ಈ ಮುತ್ತು ಎಷ್ಟು ಘೋರವೆಂಬುದು ತಾನಾಗಿಯೇ ತಿಳಿಯುತ್ತದೆ.

ಉತ್ತರದ ಗೋಡೆಗೆ ತಿರುಗಿದರೆ, ಶಿಲುಬೆಯಿಂದ ಇಳಿಸಿದ ಮಗನ ಕೊರಳನ್ನು ತಾಯಿ ಬಳಸಿ ಹಿಡಿದಿದ್ದಾಳೆ. ಇಳಿಜಾರಾದ ಬಂಡೆಯೊಂದು ನಮ್ಮ ಕಣ್ಣನ್ನು ನೇರವಾಗಿ ಆ ಎರಡು ಮುಖಗಳಿಗೇ ಒಯ್ಯುತ್ತದೆ. ಮೇಲೆ ಪುಟ್ಟ ದೇವದೂತರು ಗಾಳಿಯಲ್ಲಿ ಹೊರಳಾಡಿ ಅಳುತ್ತಿದ್ದಾರೆ. ಮುಂದೆ ಇಬ್ಬರು ಹೆಂಗಸರು ನಮಗೆ ಬೆನ್ನು ಹಾಕಿ ಕುಳಿತಿದ್ದಾರೆ. ಅವರ ಮುಖ ಕಾಣುವುದಿಲ್ಲ, ಬಾಗಿದ ಬೆನ್ನು ಮಾತ್ರ. ಶೋಕವೆಂಬ ಸ್ಥಾಯಿಭಾವ ಕರುಣರಸವಾಗುವುದು ಹೇಗೆಂದು ನಮ್ಮ ಅಲಂಕಾರಶಾಸ್ತ್ರದಲ್ಲಿ ಪಾಠ ಮಾಡುತ್ತೇವೆ. ವಿಭಾವ, ಅನುಭಾವಗಳ ಲಕ್ಷಣ ಹೇಳಿ ಹೇಳಿ ಗಂಟಲು ಒಣಗಿದರೂ ವಿದ್ಯಾರ್ಥಿಗಳಿಗೆ ಮುಟ್ಟದ ವಿಷಯ ಆ ಎರಡು ಬೆನ್ನುಗಳನ್ನು ನೋಡಿದರೆ ಮುಟ್ಟೀತು.

ಇನ್ನು ಗೋಡೆಗಳ ಬುಡ. ಇಲ್ಲಿ ಬಣ್ಣವಿಲ್ಲ, ಕಲ್ಲಿನಲ್ಲಿ ಕೆತ್ತಿದಂತೆ ಬೂದುಬಣ್ಣದ ಹದಿನಾಲ್ಕು ಆಕೃತಿಗಳು. ಒಂದು ಕಡೆ ಏಳು ಸದ್ಗುಣಗಳು, ಎದುರಿಗೆ ಏಳು ದುರ್ಗುಣಗಳು. ಅಸೂಯೆಯೆಂಬ ಮುದುಕಿ ಬೆಂಕಿಯ ನಡುವೆ ನಿಂತು ಹಣದ ಚೀಲವನ್ನು ಅವಚಿಕೊಂಡಿದ್ದಾಳೆ. ಅವಳ ಬಾಯಿಂದ ಹೊರಟ ಹಾವು ಹಿಂದಕ್ಕೆ ತಿರುಗಿ ಅವಳ ಕಣ್ಣಿಗೇ ಹಾಯುತ್ತಿದೆ. ಎದುರಿನ ಗೋಡೆಯಲ್ಲಿ ದಯೆ. ಅವಳ ಕಾಲ ಕೆಳಗೆ ಹಣದ ಮೂಟೆಗಳು. ಈ ಗೋಡೆಗೆ ಹಣ ಕೊಟ್ಟವನು ಯಾರೆಂಬುದನ್ನು ಒಮ್ಮೆ ನೆನೆದುಕೊಳ್ಳಿ.

ಅಷ್ಟರಲ್ಲಿ ಗಂಟೆ ಬಾರಿಸಿ ಹೊರಡಲು ಹೇಳಬಹುದು. ಹೊರಡುವ ಮುನ್ನ ಪಶ್ಚಿಮದ ಗೋಡೆಯನ್ನು ನೋಡಿ. ಅದರ ತುಂಬ ಅಂತಿಮ ತೀರ್ಪಿನ ಒಂದೇ ಚಿತ್ರ. ನರಕದ ಭಾಗದಲ್ಲಿ ಬಡ್ಡಿಕೋರರು ತಮ್ಮ ಚೀಲಗಳ ದಾರದಿಂದಲೇ ನೇಣುಬಿದ್ದು ತೂಗಾಡುತ್ತಿದ್ದಾರೆ. ಶಿಲುಬೆಯ ಇನ್ನೊಂದು ಬದಿಯಲ್ಲಿ, ಪುಣ್ಯವಂತರಿರುವ ಕಡೆ, ಎನ್ರಿಕೋ ಮೊಣಕಾಲೂರಿದ್ದಾನೆ. ಈ ಮಂದಿರದ ಪುಟ್ಟ ಮಾದರಿಯನ್ನು ಮರಿಯಳಿಗೆ ಅರ್ಪಿಸುತ್ತಿದ್ದಾನೆ. ತನ್ನ ಮನೆತನದ ದಂಧೆಗೆ ಒದಗುವ ಶಿಕ್ಷೆಯನ್ನು ತನ್ನ ಹಣದಿಂದಲೇ ಬರೆಸಿ, ಅದರ ಎದುರಿಗೇ ತಾನು ಪ್ರಾರ್ಥನೆಗೆ ನಿಲ್ಲುವುದೆಂದರೆ ಸಣ್ಣ ಮಾತಲ್ಲ. ಡೌಲೂ ಇದ್ದೀತು, ಭಯವೂ ಇದ್ದೀತು. ಒಬ್ಬ ಮನುಷ್ಯನಲ್ಲಿ ಎರಡೂ ಒಟ್ಟಿಗೆ ಇರಬಲ್ಲವು.

1944ರ ಮಾರ್ಚ್ 11ರಂದು, ಎರಡನೆಯ ಮಹಾಯುದ್ಧದಲ್ಲಿ, ಪಾದುವದ ಮೇಲೆ ಬಾಂಬು ಬಿದ್ದಿತು. ಪಕ್ಕದ ಸಂನ್ಯಾಸಿಗಳ ಇಗರ್ಜಿಯಲ್ಲಿ 15ನೆಯ ಶತಮಾನದ ಮಾಂತೇನ್ಯ ಬರೆದಿದ್ದ ಚಿತ್ರಗಳು ಚೂರುಚೂರಾದುವು. ಕೂಗಳತೆಯ ದೂರದಲ್ಲಿದ್ದ ಜೊತ್ತೋನ ಗೋಡೆ ಉಳಿಯಿತು. 2001–02ರಲ್ಲಿ ಅದರ ಜೀರ್ಣೋದ್ಧಾರವಾಯಿತು. 2021ರಲ್ಲಿ ಊರಿನ ಇತರ ಚಿತ್ರಭಿತ್ತಿಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಪಾದುವಕ್ಕೆ ಹೋಗುವ ಅನುಕೂಲ ಎಲ್ಲರಿಗೂ ಇರಲಾರದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಇಗರ್ಜಿಗೆ ಹೋಗುವುದು ಕಷ್ಟವಲ್ಲ. 19ನೆಯ ಶತಮಾನದ ಕೊನೆಯಲ್ಲಿ ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ಎಂಬ ಚಿತ್ರಕಾರರು ಅದರ ಗೋಡೆಗಳ ಮೇಲೆ ಇದೇ ಹಸಿಗಾರೆಯ ವಿದ್ಯೆಯಿಂದ ಚಿತ್ರಗಳನ್ನು ಬರೆದರು. ಕಾಲ ಬೇರೆ, ಶೈಲಿ ಬೇರೆ. ಸುಣ್ಣವೂ ನೀರೂ ಬಣ್ಣವೂ ಕೂಡುವ ಗುಟ್ಟು ಒಂದೇ.

ಎಲ್ಲಿಗೇ ಹೋಗಿ, ಹೋಗುವ ಮೊದಲು ಕಥೆಯನ್ನು ಓದಿಕೊಂಡು ಹೋಗಿ. ಗೈಡಿನ ಮಾತನ್ನು ಬಾಗಿಲ ಹೊರಗೆ ಪೂರ್ತಿಯಾಗಿ ಕೇಳಿ, ಸಂಶಯಗಳಿದ್ದರೆ ಅಲ್ಲಿಯೇ ವಿಚಾರಿಸಿ. ಒಳಗೆ ಮಾತು ಬೇಡ. ಮಕ್ಕಳು ಜೊತೆಗಿದ್ದರೆ, ಎಷ್ಟು ಚಿತ್ರ ನೋಡಿದೆ ಎಂದು ಅವರನ್ನು ಕೇಳಬೇಡಿ. ಯಾವುದರ ಮುಂದೆ ನಿಂತಿದ್ದೆ ಎಂದು ಕೇಳಿ. ಒಂದು ಮುಖ, ಒಂದು ಕೈ, ಬಾಗಿದ ಒಂದು ಬೆನ್ನು ಅವರ ನೆನಪಿನಲ್ಲಿ ಉಳಿದಿದ್ದರೆ ಸಾಕು, ಪ್ರವಾಸದ ಖರ್ಚು ಹುಟ್ಟಿತೆಂದು ತಿಳಿಯಿರಿ.