ಉಸಿರಾಟದ ಅಳತೆ



ನಾವು ಉಸಿರಾಡುತ್ತಿರುವೆವೆಂಬುದು ಸಾಮಾನ್ಯವಾಗಿ ನಮ್ಮ ನೆನಪಿನಲ್ಲಿರುವುದಿಲ್ಲ; ನೆನಪಾದೊಡನೆ ಅದರ ರೀತಿಯೇ ಬೇರೆಯಾಗುತ್ತದೆ. ಈ ಮಾತನ್ನು ಕೇಳಿದ ತಮ್ಮಲ್ಲಿ ಅನೇಕರು ಈಗಾಗಲೇ ದೀರ್ಘವಾದ ಒಂದು ಉಸಿರನ್ನು ಎಳೆದುಕೊಂಡಿರಬಹುದು. ಸಹಜವಾದ ಉಸಿರಾಟವನ್ನು ಅಳೆಯಹೊರಟವರಿಗೆ ಇದೇ ಮೊದಲನೆಯ ತೊಡಕು. ಅನುಭವಸ್ಥರಾದ ದಾದಿಯರು ನಾಡಿಯನ್ನು ನೋಡುವವರಂತೆ ರೋಗಿಯ ಕೈ ಹಿಡಿದು, ಆತನಿಗೆ ತಿಳಿಯದಂತೆ ಉಸಿರನ್ನು ಎಣಿಸುವುದು ಇದಕ್ಕಾಗಿಯೇ.

ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತಿರುವ ವಪೆಯೆಂಬ ಸ್ನಾಯುವು ಉಸಿರನ್ನೆಳೆದಾಗ ಕೆಳಕ್ಕಿಳಿಯುತ್ತದೆ. ಆಗ ಹೊಟ್ಟೆಯು ಮುಂದಕ್ಕೆ ಉಬ್ಬುತ್ತದೆ. ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿದು ಎದೆಯು ಹಿಗ್ಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ಒಂದು ಸಲಕ್ಕೆ ಒಳಗೆಳೆಯುವ ಗಾಳಿ ಸುಮಾರು ಅರ್ಧ ಲೀಟರು. ಅಂಗಾತ ಮಲಗಿದಾಗ ಇದರಲ್ಲಿ ಹೊಟ್ಟೆಯ ಪಾಲು ಹೆಚ್ಚುತ್ತದೆ; ನೆಟ್ಟಗೆ ಕುಳಿತಾಗ ಎದೆಯ ಪಾಲು ಹೆಚ್ಚುತ್ತದೆ.

1846ರಲ್ಲಿ ಜಾನ್ ಹಚಿನ್ಸನ್ ಎಂಬ ಆಂಗ್ಲ ವೈದ್ಯನು 2,000ಕ್ಕೂ ಮಿಗಿಲಾದ ಜನರಿಂದ ಯಂತ್ರವೊಂದಕ್ಕೆ ಗಾಳಿಯನ್ನು ಊದಿಸಿ ಅಳೆದ ವಿವರಗಳನ್ನು ಪ್ರಕಟಿಸಿದನು. ಆದರೆ ಬಾಯಿಗೆ ಕೊಳವೆಯಿಟ್ಟು ಮೂಗನ್ನು ಮುಚ್ಚಿದವನ ಉಸಿರು ಸಹಜವಾದೀತೆ? 1967ರಲ್ಲಿ ಕೊನ್ನೊ ಮತ್ತು ಮೀಡ್ ಎಂಬವರು, ಎದೆ ಹೊಟ್ಟೆಗಳೆರಡರ ಚಲನೆಯನ್ನು ಬೇರೆಬೇರೆಯಾಗಿ ಅಳೆದು ಕೂಡಿಸಿದರೆ ಒಳಹೊಕ್ಕ ಗಾಳಿಯ ಪ್ರಮಾಣವನ್ನು ತಿಳಿಯಬಹುದೆಂದು ತೋರಿಸಿದರು. ಮುಂದೆ, ತಂತಿಯನ್ನು ಅಂಕುಡೊಂಕಾಗಿ ಹೊಲಿದ ಎರಡು ಪಟ್ಟಿಗಳನ್ನು ಎದೆಗೂ ಹೊಟ್ಟೆಗೂ ಸುತ್ತುವ ವಿಧಾನವು ಬಂದಿತು. ಇವು ಮೈಯೊಡನೆ ಹಿಗ್ಗಿ ಕುಗ್ಗಿ ಆ ಚಲನೆಯನ್ನು ವಿದ್ಯುತ್ತಿನ ಮೂಲಕ ದಾಖಲಿಸುತ್ತವೆ. ನಿದ್ರಿಸುವವನ ಉಸಿರಾಟವನ್ನೂ ಹೀಗೆ ಅಳೆಯಬಹುದು.

ಎರಡನ್ನೂ ಅಳೆಯುವುದೇಕೆಂದರೆ, ಆರೋಗ್ಯವಂತ ವಯಸ್ಕರಲ್ಲಿ ಎದೆ ಹೊಟ್ಟೆಗಳು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ವಪೆಯು ಶಕ್ತಿಗುಂದಿದರೆ ಎದೆಯು ಏಳುವಾಗ ಹೊಟ್ಟೆಯು ಒಳಸರಿಯುವುದುಂಟು. ಇಂಥ ವಿರೋಧವನ್ನು ಉಸಿರಿನ ಎಣಿಕೆಯೊಂದೇ ತೋರಿಸಲಾರದು.

ಯಂತ್ರವಿಲ್ಲದ ಮನೆಯಲ್ಲಿಯೂ ಈ ತಿಳಿವಳಿಕೆಯು ಪ್ರಾಣವನ್ನು ಉಳಿಸಬಲ್ಲುದು. ಕೆಮ್ಮುತ್ತಿರುವ ಮಗುವು ಅಳದೆ ಶಾಂತವಾಗಿರುವಾಗ, ಅಂಗಿಯನ್ನು ಮೇಲೆತ್ತಿ, ಒಂದು ನಿಮಿಷ ಪೂರ್ತಿಯಾಗಿ ನೋಡಬೇಕು. 2 ತಿಂಗಳು ತುಂಬಿ ವರ್ಷವಾಗದ ಕೂಸಿನಲ್ಲಿ ಉಸಿರು 50ನ್ನು ಮುಟ್ಟಿದರೆ, ವರ್ಷ ತುಂಬಿ 5 ವರ್ಷದೊಳಗಿನ ಮಗುವಿನಲ್ಲಿ 40ನ್ನು ಮುಟ್ಟಿದರೆ, ಅದು ವೇಗದ ಉಸಿರು. ಉಸಿರೆಳೆಯುವಾಗ ಎದೆಯ ಕೆಳಭಾಗವು ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಎಣಿಕೆಯು ಎಷ್ಟೇ ಇರಲಿ, ಬೆಳಗಾಗಲೆಂದು ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.