ಡ್ರೈ ಕ್ಲೀನಿಂಗ್ ಎಷ್ಟು ಸಲ? ಅವ್ವನ ಸೀರೆ ಕಲಿಸಿದ ಲೆಕ್ಕ

ಪುಣೆಯಿಂದ ಮಾತಾಡ್ತಿದ್ದೇನೆ. ನಾನು ಬಟ್ಟೆ ವ್ಯಾಪಾರದವನಲ್ಲ, ಲಾಂಡ್ರಿಯವನೂ ಅಲ್ಲ. ಹಿಂಜವಡಿಯಲ್ಲಿ ಕೋಡ್ ಬರೆಯುವವನು. ಆದರೂ ಇವತ್ತಿನ ವಿಷಯ ಡ್ರೈ ಕ್ಲೀನಿಂಗ್. ಮನೆಯಲ್ಲಿ ಒಂದು ಸೀರೆ ಕೆಡದೇ ಇದ್ದಿದ್ದರೆ ನಾನು ಈ ವಿಷಯದ ಬಗ್ಗೆ ಒಂದು ಪುಟವನ್ನೂ ಓದುತ್ತಿರಲಿಲ್ಲ.

ಮೊದಲು ನೀವೇ ಒಂದು ಲೆಕ್ಕ ಹಾಕಿ. ಕಳೆದ ವರ್ಷ ಎಷ್ಟು ಸಲ ಬಟ್ಟೆ ಡ್ರೈ ಕ್ಲೀನಿಂಗಿಗೆ ಕೊಟ್ಟಿರಿ? ನಮ್ಮ ಟೀಮಿನಲ್ಲಿ ಕೇಳಿದೆ. ಕೆಲವರು "ಮದುವೆ ಸೂಟು ಬಿಟ್ಟರೆ ಏನೂ ಇಲ್ಲಪ್ಪ" ಅಂದರು. ಇನ್ನು ಕೆಲವರು ಆ್ಯಪಿನಲ್ಲಿ ಬಟನ್ ಒತ್ತಿ, ಕಾಟನ್ ಕುರ್ತಾದಿಂದ ಜೀನ್ಸ್‌ವರೆಗೆ ಎಲ್ಲವನ್ನೂ ಕಳಿಸುತ್ತಾರೆ. ನನ್ನ ಲೆಕ್ಕ ಇನ್ನೂ ವಿಚಿತ್ರ. ರಿಸೆಪ್ಷನ್ ಸೂಟು ಹಾಕಿಕೊಂಡದ್ದು ಮೂರು ಸಲ, ಡ್ರೈ ಕ್ಲೀನ್ ಮಾಡಿಸಿದ್ದು ಐದು ಸಲ! ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ದುಬಾರಿ ಬಟ್ಟೆ, ದುಬಾರಿ ತೊಳೆತ, ಅಷ್ಟೇ.

ಈಗ ಸೀರೆಯ ಕಥೆ. ಅದು ಅವ್ವನ ಧಾರೆ ಸೀರೆ, ಹಸಿರು ರೇಷ್ಮೆ, ಜರಿ ಅಂಚು. ಮೂವತ್ತೈದು ವರ್ಷ ಅವ್ವ ಅದನ್ನು ಒಮ್ಮೆಯೂ ಲಾಂಡ್ರಿಗೆ ಕೊಟ್ಟವಳಲ್ಲ. ಉಟ್ಟು ಬಂದ ರಾತ್ರಿ ಒಳಕೋಣೆಯ ಹಗ್ಗದ ಮೇಲೆ ಹರವುತ್ತಿದ್ದಳು. ಮರುದಿನ ಮಡಿಚಿ, ಅಪ್ಪನ ಹಳೇ ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುತ್ತಿದ್ದಳು. ವರ್ಷಕ್ಕೊಮ್ಮೆ ತೆಗೆದು, ಮಡಿಕೆ ಬದಲಿಸಿ ಮತ್ತೆ ಇಡುವುದು. ನಮಗದು ಹಳೇ ಕಾಲದವರ ಚಾಳಿ ಅನ್ನಿಸುತ್ತಿತ್ತು.

2022ರ ಮೇ ತಿಂಗಳು, ಗದಗಿನಲ್ಲಿ ನನ್ನ ತಂಗಿಯ ಮದುವೆ. ಅವ್ವ ಆ ಸೀರೆಯನ್ನು ನನ್ನ ಹೆಂಡತಿಗೆ ಕೊಟ್ಟಳು. ಆ ಬಿಸಿಲು ನಿಮಗೆ ಗೊತ್ತೇ ಇದೆ. ಬೆವರು ಸುರಿಯುತ್ತಿತ್ತು, ಮೇಲೆ ಯಾರದೋ ಕೈ ತಾಗಿ ಲಿಂಬು ಶರಬತ್ತು ನಿರಿಗೆ ಮೇಲೆ ಚೆಲ್ಲಿತು. ಒಣಗಿದ ಮೇಲೆ ಏನೂ ಕಾಣಲಿಲ್ಲ, ಮರೆತುಬಿಟ್ಟೆವು. ಪುಣೆಗೆ ಬಂದು ಡ್ರೈ ಕ್ಲೀನಿಂಗಿಗೆ ಕೊಟ್ಟೆವು. ಮಿರಮಿರ ಇಸ್ತ್ರಿಯಾಗಿ, ಪ್ಲಾಸ್ಟಿಕ್ ಕವರಿನಲ್ಲಿ ಬಂತು. ಹಾಗೇ ವಾರ್ಡ್‌ರೋಬಿನಲ್ಲಿ ನೇತುಹಾಕಿದೆವು. ಮರುವರ್ಷ ಗಣೇಶ ಹಬ್ಬಕ್ಕೆ ತೆಗೆದರೆ ನಿರಿಗೆಯ ಜಾಗದಲ್ಲಿ ಅಂಗೈಯಷ್ಟು ಕಂದು ಕಲೆ, ಮುಗ್ಗಲು ವಾಸನೆ, ಜರಿ ಕಪ್ಪಿಟ್ಟಿದೆ. ಅಂಗಡಿಯವನು "ಇದು ನಮ್ಮದಲ್ಲ" ಅಂದ, ಬಿಲ್ಲಿನ ಹಿಂದಿನ ಸಣ್ಣಕ್ಷರ ತೋರಿಸಿದ. ಜಗಳ ಆಡಿ ಬಂದೆ. ಆಮೇಲೆ ಓದುತ್ತಾ ಹೋದ ಹಾಗೆ ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮದೇ ಅಂತ ಗೊತ್ತಾಯಿತು.

ಡ್ರೈ ಕ್ಲೀನಿಂಗ್ ಅಂದರೆ ಒಣ ತೊಳೆತ ಅಲ್ಲ. ಬಟ್ಟೆ ಪೂರ್ತಿ ಒದ್ದೆಯಾಗುತ್ತದೆ, ನೀರಿನ ಬದಲು ಬೇರೆ ದ್ರಾವಕದಲ್ಲಿ. ಫ್ರಂಟ್ ಲೋಡ್ ಮಷಿನ್ನಿನಂಥದೇ ಡ್ರಮ್ಮು. ತಿರುಗಿಸಿ, ಹಿಂಡಿ, ಬೆಚ್ಚಗಿನ ಗಾಳಿ ಬಿಟ್ಟು ಒಣಗಿಸುತ್ತಾರೆ. ಒಳ್ಳೆ ಯಂತ್ರದಲ್ಲಿ ಆವಿಯಾದ ದ್ರಾವಕ ಮತ್ತೆ ತಣಿದು ಟ್ಯಾಂಕಿಗೇ ಬರುತ್ತದೆ. ಈ ವಿದ್ಯೆ ಹೊಸದೇನಲ್ಲ. ಅಮೆರಿಕದಲ್ಲಿ ಥಾಮಸ್ ಜೆನಿಂಗ್ಸ್ ಎಂಬ ದರ್ಜಿ ಇಂಥ ವಿಧಾನಕ್ಕೆ 1821ರಲ್ಲೇ ಪೇಟೆಂಟ್ ಪಡೆದಿದ್ದ. ಪೇಟೆಂಟ್ ಪಡೆದ ಮೊದಲ ಕಪ್ಪು ಅಮೆರಿಕನ್ ಅವನೇ.

ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿ ನೆನಪಿದೆಯಾ? ಎಣ್ಣೆ ಎಣ್ಣೆಯಂಥದರಲ್ಲಿ ಕರಗುತ್ತದೆ, ಉಪ್ಪು ಸಕ್ಕರೆ ನೀರಿನಲ್ಲಿ ಕರಗುತ್ತವೆ. ಎಂಟೆಕ್ ಮುಗಿಸಿದರೂ ಇದನ್ನು ಸೀರೆಗೆ ಹಚ್ಚಿ ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ. ಡ್ರೈ ಕ್ಲೀನಿಂಗ್ ದ್ರಾವಕ ತುಪ್ಪ, ಎಣ್ಣೆ, ಮೇಕಪ್ಪಿನ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ. ಬೆವರಿನ ಉಪ್ಪು, ಶರಬತ್ತಿನ ಸಕ್ಕರೆ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಅಂಥ ಕಲೆಗೆ ಮೊದಲೇ ಕೈಯಿಂದ ಬೇರೆ ಉಪಚಾರ ಮಾಡಬೇಕು, ಮಾಡಬೇಕಾದರೆ ಅದು ಎಲ್ಲಿದೆ ಅಂತ ಗೊತ್ತಿರಬೇಕು. ನಾವು ಹೇಳಲಿಲ್ಲ. ಕಾಣದ ಸಕ್ಕರೆ ಬಟ್ಟೆಯಲ್ಲೇ ಉಳಿಯಿತು, ಇಸ್ತ್ರಿಯ ಶಾಖ ಮತ್ತು ಒಂದು ವರ್ಷದ ಗಾಳಿ ಸೇರಿ ಕಂದು ಬಣ್ಣಕ್ಕೆ ತಿರುಗಿತು.

ಹಾಗಾದರೆ ಡ್ರೈ ಕ್ಲೀನಿಂಗ್ ಬೇಡವೇ? ಬೇಕು. ಉಣ್ಣೆ ನೀರಿನಲ್ಲಿ ಕುಗ್ಗುತ್ತದೆ, ಇಳಕಲ್ ಸೀರೆಯ ಕೆಂಪು ಸೆರಗಿನ ಬಣ್ಣ ಮೊದಲ ನೀರಿಗೇ ಮೈಗೆ ಇಳಿಯಬಹುದು. ಅಂಥ ಕಡೆ ಅದೇ ಸರಿ. ಪ್ರಶ್ನೆ ಎಷ್ಟು ಸಲ ಅನ್ನುವುದು. ನಮ್ಮ ಮನೆಯಲ್ಲಿ ಈಗ ನಡೆಯುವುದು ಹೀಗೆ: ಸೂಟನ್ನು ನಾಲ್ಕೈದು ಸಲ ಹಾಕಿದ ಮೇಲೆ, ಅಥವಾ ವರ್ಷಕ್ಕೊಮ್ಮೆ. ನಡುವೆ ಬ್ರಷ್ ಹೊಡೆದು ಗಾಳಿಗೆ ಹಾಕಿದರೆ ಸಾಕು. ಕೊಡುವಾಗ ಕೋಟು ಪ್ಯಾಂಟು ಎರಡೂ ಒಟ್ಟಿಗೆ ಕೊಡಿ, ಇಲ್ಲದಿದ್ದರೆ ಬಣ್ಣ ಒಂದೊಂದು ಥರ ಆಗಬಹುದು. ದೆಹಲಿಯಲ್ಲಿರುವವರು ಚಳಿ ಮುಗಿದು ಉಣ್ಣೆ ಕೋಟು ಎತ್ತಿಡುವ ಮುಂಚೆ ಒಮ್ಮೆ ತಪ್ಪದೆ ಮಾಡಿಸಿ. ನುಸಿಗೆ ಬೆವರು, ಜಿಡ್ಡು ಇರುವ ಉಣ್ಣೆಯೇ ಇಷ್ಟ. ರೇಷ್ಮೆ ಸೀರೆ ಮೂರ್ನಾಲ್ಕು ಸಲ ಉಟ್ಟ ಮೇಲೆ. ಕಲೆ ಬಿದ್ದರೆ ಮಾತ್ರ ಕಾಯಬೇಡಿ, ಆ ವಾರವೇ ಕೊಡಿ. ಕಾಟನ್, ಜೀನ್ಸ್, ಆಫೀಸಿನ ಶರ್ಟು ಯಾವಾಗಲೂ ಬೇಡ. ಒಂದು ಮಾತು: ಸೀರೆ ಸುಕ್ಕಾಗಿದ್ದರೆ ಅದಕ್ಕೆ ಬೇಕಾದದ್ದು ಬರೀ ರೋಲ್ ಪ್ರೆಸ್. ಸುಕ್ಕಿಗೆಲ್ಲ ಡ್ರೈ ಕ್ಲೀನಿಂಗ್ ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬ.

ಕಡಿಮೆ ಮಾಡಿ ಅನ್ನುವುದಕ್ಕೆ ದುಡ್ಡಷ್ಟೇ ಕಾರಣವಲ್ಲ. ಬಹಳ ಕಾಲದಿಂದ ಬಳಕೆಯಲ್ಲಿರುವ ದ್ರಾವಕ ಪರ್ಕ್ಲೋರೋಎಥಿಲೀನ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿದೆ. ಅಮೆರಿಕದ ಪರಿಸರ ಸಂಸ್ಥೆ 2024ರ ಡಿಸೆಂಬರಿನಲ್ಲಿ ಡ್ರೈ ಕ್ಲೀನಿಂಗಿನಿಂದ ಅದನ್ನು 10 ವರ್ಷದಲ್ಲಿ ಹಂತಹಂತವಾಗಿ ತೆಗೆಯುವ ನಿಯಮ ಹೊರಡಿಸಿತು. ವರ್ಷಕ್ಕೆರಡು ಸಲ ಸೂಟು ಕೊಡುವ ನಮಗಿಂತ, ದಿನವಿಡೀ ಆ ಯಂತ್ರದ ಮುಂದೆ ನಿಲ್ಲುವ ಹುಡುಗನಿಗೆ ಅಪಾಯ ಹೆಚ್ಚು. ಪೆಟ್ರೋಲಿಯಂ ದ್ರಾವಕ ಬಳಸುವವರೂ ಇದ್ದಾರೆ, ಅದಕ್ಕೆ ಬೆಂಕಿಯ ಭಯ. ಬಟ್ಟೆಯ ಲೇಬಲ್ಲಿನಲ್ಲಿ ವೃತ್ತದೊಳಗೆ ಪಿ ಇದ್ದರೆ ಪರ್ಕ್ ನಡೆಯುತ್ತದೆ, ಎಫ್ ಇದ್ದರೆ ಪೆಟ್ರೋಲಿಯಂ ಥರದ್ದು ಮಾತ್ರ, ವೃತ್ತಕ್ಕೆ ಅಡ್ಡಗೆರೆ ಇದ್ದರೆ ಡ್ರೈ ಕ್ಲೀನಿಂಗೇ ಕೂಡದು. ಮಣಿ, ಚಮಕಿ, ಅಂಟಿಸಿದ ಕುಂದಣ ಇರುವ ಬಟ್ಟೆಯಾದರೆ ಕೇಳಿಯೇ ಕೊಡಿ. ಕೆಲವು ಪ್ಲಾಸ್ಟಿಕ್ ಮಣಿಗಳು ಪರ್ಕಿನಲ್ಲಿ ಕರಗಿಯೇ ಹೋಗುತ್ತವೆ.

ಅಂಗಡಿಯ ಕೌಂಟರಿನಲ್ಲಿರುವವನು ತೊಳೆಯುವವನಲ್ಲ, ಎಷ್ಟೋ ಕಡೆ ಬಟ್ಟೆ ಊರ ಹೊರಗಿನ ಘಟಕಕ್ಕೆ ಹೋಗುತ್ತದೆ. ಅದಕ್ಕೇ ಈಗ ನಾನು ಕಲೆ ಇರುವ ಜಾಗಕ್ಕೆ ದಾರದಿಂದ ಒಂದು ಹೊಲಿಗೆ ಹಾಕಿ, "ಭಯ್ಯಾ, ಯಹಾಂ ಶರಬತ್ ಗಿರಾ ಹೈ" ಅಂತ ಹೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳುತ್ತೇನೆ. ಕೊಡುವ ಮುಂಚೆ ಫೋನಿನಲ್ಲಿ ಫೋಟೊ ಬೇರೆ. ನಿಜವಾಗಿಯೂ ಅವರೇ ಕೆಡಿಸಿದರೆ ಗ್ರಾಹಕರ ಸಹಾಯವಾಣಿ 1915 ಇದೆ. ಮನೆಗೆ ಬಂದ ತಕ್ಷಣ ಪ್ಲಾಸ್ಟಿಕ್ ಕವರು ಕಿತ್ತು, ಬಾಲ್ಕನಿಯ ನೆರಳಲ್ಲಿ ಅರ್ಧ ದಿನ ಗಾಳಿಗೆ ಬಿಡುತ್ತೇವೆ. ಉಳಿದ ದ್ರಾವಕದ ವಾಸನೆ ಹೋಗುತ್ತದೆ. ಪುಣೆ ಮುಂಬೈ ಮಳೆಗಾಲದಲ್ಲಿ ಆ ಕವರಿನೊಳಗೆ ತೇವ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ನಾವು ನೋಡಿಯಾಗಿದೆ.

ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಲ್ಲೋ ತಮ್ಮಾ, ಪ್ಲಾಸ್ಟಿಕ್ಕಿನ್ಯಾಗ ಯಾಕ ಇಟ್ರಿ? ಅದಕ್ಕ ಗಾಳಿ ಬ್ಯಾಡೇನು?" ಅಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅನುಭವಿ ರಫೂಗಾರರೊಬ್ಬರಿಗೆ ಸೀರೆ ತೋರಿಸಿದೆವು. ಕಲೆಯ ಜಾಗದಲ್ಲಿ ರೇಷ್ಮೆ ಸೋತಿದೆ, ಉಜ್ಜಿದರೆ ಹರಿಯುತ್ತದೆ ಅಂದರು. ಹಾಗೇ ಬಿಟ್ಟೆವು. ಹೋದ ದೀಪಾವಳಿಗೆ ಅವ್ವ ಪುಣೆಗೆ ಬಂದಿದ್ದಳು. ಹೆಂಡತಿ ಅದೇ ಸೀರೆ ಉಟ್ಟಳು, ಅವ್ವ ಕೂತು ಕಲೆ ಒಳಗೆ ಹೋಗುವ ಹಾಗೆ ನಿರಿಗೆ ಹಿಡಿದು ಕೊಟ್ಟಳು. ರಾತ್ರಿ ಹಾಲಿನಲ್ಲಿ ಹಗ್ಗ ಕಟ್ಟಿ ಹರವಿದೆವು. ಬೆಳಿಗ್ಗೆ ನಾನು ಮಡಿಚಲು ಹೋದರೆ, ಅಡುಗೆಮನೆಯಿಂದಲೇ "ಹಳೇ ಮಡಿಕಿ ಮ್ಯಾಲ ಮಡಿಚಬ್ಯಾಡ" ಅಂತ ಕೂಗಿದಳು. ಈಗ ಅದು ನನ್ನದೊಂದು ಹಳೇ ಕಾಟನ್ ಪಂಚೆಯಲ್ಲಿದೆ.

ನಿಮ್ಮ ಮನೆಯ ಲೆಕ್ಕ ಏನು ಅಂತ ಕೇಳುವ ಆಸೆ ಇದೆ.