ಮಜ್ಜೆಯೊಳಗಿನ ವಾಚನ

ಮನೆಯಲ್ಲಿ ಕುಮಾರವ್ಯಾಸ ಭಾರತ ಇಡಿಯಾಗಿ ಇರಬಹುದು. ಇಂದು ಗಮಕಿಗಳು ಯಾವ ಪರ್ವವನ್ನು ವಾಚಿಸುತ್ತಾರೆಂಬುದು ಬೇರೆ ಮಾತು. ಜೀವಕೋಶಗಳೂ ಹಾಗೆಯೇ. ಬಹುತೇಕ ಎಲ್ಲ ಕೋಶಗಳಲ್ಲಿಯೂ ವಂಶವಾಹಿಗಳ ಗ್ರಂಥ ಒಂದೇ; ಓದುವ ಅಧ್ಯಾಯ ಬೇರೆ, ದನಿಯ ಏರಿಳಿತ ಬೇರೆ. ಈ ವಾಚನಕ್ಕೆ ವಂಶವಾಹಿಯ ಅಭಿವ್ಯಕ್ತಿಯೆಂದು ಹೆಸರು.

ರಕ್ತ ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ. ಅಲ್ಲಿ ತೀವ್ರ ಮೈಲಾಯ್ಡ್ ಲ್ಯುಕೀಮಿಯ ಎಂಬ ರಕ್ತದ ಕ್ಯಾನ್ಸರು ತಲೆದೋರಿದಾಗ, ಸೂಕ್ಷ್ಮದರ್ಶಕಕ್ಕೆ ಒಂದೇ ಬಗೆಯಾಗಿ ಕಂಡ ಇಬ್ಬರಲ್ಲಿ ಒಬ್ಬರು ಗುಣಮುಖರಾಗಬಹುದು, ಇನ್ನೊಬ್ಬರಿಗೆ ರೋಗ ಮರುಕಳಿಸಬಹುದು. ಏಕೆ? ರೋಗದ ಬೇರಿನಂತಿರುವ ಕೆಲವು ಕಾಂಡಕೋಶಗಳು ಔಷಧಕ್ಕೆ ಜಗ್ಗದೆ ಉಳಿದುಬಿಡುತ್ತವೆ. 1994ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಜಾನ್ ಡಿಕ್ ಅವರ ತಂಡ ಈ ಬೇರನ್ನು ಗುರುತಿಸಿತು. 2016ರಲ್ಲಿ ಅಲ್ಲಿಯವರೇ, ಈ ಕೋಶಗಳು ಗಟ್ಟಿಯಾಗಿ ವಾಚಿಸುವ 17 ವಂಶವಾಹಿಗಳನ್ನು ಆರಿಸಿ ಒಂದು ಅಂಕವನ್ನು ಕಟ್ಟಿದರು. ರೋಗ ಪತ್ತೆಯಾದಾಗಲೇ ಅಳೆದ ಈ ಅಂಕ ಹೆಚ್ಚಿದ್ದವರಲ್ಲಿ, ರೂಢಿಯ ಚಿಕಿತ್ಸೆಯಿಂದ ಬಹುಕಾಲ ಬದುಕಿದವರು ಕಡಮೆ. ಅಂಥವರಿಗೆ ಬೇರೆ ದಾರಿಯನ್ನು ಮೊದಲೇ ಹುಡುಕಬಹುದು.

ಇದನ್ನು ಜಾತಕವೆಂದು ಮಾತ್ರ ತಿಳಿಯಬೇಡಿ. ಅಂಕ ನುಡಿಯುವುದು ಗುಂಪಿನ ಗತಿಯನ್ನು. ‘ಇನ್ನೆಷ್ಟು ದಿನ, ಡಾಕ್ಟರೇ?’ ಎಂದು ಮನೆಯವರು ಕೇಳಿದಾಗ ವೈದ್ಯರು ತಡವರಿಸುವುದು ಇದಕ್ಕೇ.